ಹಾರ್ಡ್‌ಡಿಸ್ಕ್ ಹೇಳಿದ ದೂರು

ಹಳೆಯ ಲಗ್ನಪತ್ರಿಕೆಯನ್ನೇ ತೆರೆದು ಹೆಸರು ಬದಲಿಸುವುದು ಸುಭದ್ರಕ್ಕನ ಮುದ್ರಣದ ಅಂಗಡಿಯ ಪದ್ಧತಿ. ಆದರೆ ಅವಳ ಕಂಪ್ಯೂಟರಿನಲ್ಲಿ ಆ ಪತ್ರಿಕೆ ತೆರೆಯುವಷ್ಟರಲ್ಲಿ ಗಂಡಿನ ಕಡೆಯವರು ಎರಡು ಸಲ ಚಹಾ ಕುಡಿದಿರುತ್ತಿದ್ದರು.

“ಪ್ರೊಸೆಸರ್‌ಗೆ ವಯಸ್ಸಾಯಿತು,” ಎಂದು ಹಾರ್ಡ್‌ಡಿಸ್ಕ್ ಪೆಟ್ಟಿಗೆಯೊಳಗೆಲ್ಲ ಸಾರುತ್ತಿತ್ತು. ಸುಭದ್ರಕ್ಕನಿಗೂ ಹಾಗೇ ಅನ್ನಿಸಿ, ಅಗ್ಗಕ್ಕೆ ಸಿಕ್ಕ ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್ ಒಂದನ್ನು ತಂದಳು.

“ಏಳಿ ಅಜ್ಜಾ, ನನ್ನ ವೇಗ ನಿಮ್ಮದರ ಎರಡು ಪಟ್ಟು,” ಎಂದಿತು ಹೊಸದು.

ಹಳೆಯ ಪ್ರೊಸೆಸರ್‌ಗೆ ತನ್ನ ಕೆಲಸದ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. “ಸಂತೋಷ, ಕೂತುಕೊಳ್ಳಪ್ಪ. ಪತ್ರಿಕೆ ತಂದುಕೊಡಬೇಕಾದವನು ಹಾರ್ಡ್‌ಡಿಸ್ಕ್. ಕೈಗೆ ಬಂದದ್ದನ್ನು ನಾನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸುತ್ತಿದ್ದೆ, ಉಳಿದ ಹೊತ್ತೆಲ್ಲ ಕಾದದ್ದೇ,” ಎಂದು ಮೇಜಿಗೆ ಇಳಿಯಿತು.

ಹೊಸದು ಕೂತು, “ಎಲ್ಲಿ, ಪತ್ರಿಕೆ ತನ್ನಿ!” ಎಂದು ಗದರಿತು. ಹಾರ್ಡ್‌ಡಿಸ್ಕ್ ಕರಕರ ಎಂದಿತು. ಚಹಾ ಬಂತು. ಇನ್ನೊಂದು ಸಲವೂ ಬಂತು.

“ಈ ಹೊಸಬನಿಗೂ ವಯಸ್ಸಾಗಿದೆ ಕಣ್ರೀ,” ಎಂದು ಹಾರ್ಡ್‌ಡಿಸ್ಕ್ ಮತ್ತೆ ಸಾರತೊಡಗಿತು.

ಸುಭದ್ರಕ್ಕ ಪೆಟ್ಟಿಗೆಗೆ ಕಿವಿಗೊಟ್ಟಳು. “ಪ್ರೊಸೆಸರ್ ಬದಲಾದರೂ ಈ ಕರಕರ ಹಾಗೇ ಇದೆಯಲ್ಲ!” ಎಂದವಳೇ ಸ್ಕ್ರೂಡ್ರೈವರನ್ನು ಹಾರ್ಡ್‌ಡಿಸ್ಕ್ ಕಡೆಗೆ ತಿರುಗಿಸಿದಳು.