ಬೇಲಿಯಾಚೆಯಿಂದ ಕೇಳಿದ ಸಾಲ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳ್ಬೇಡ ಕೂಸೆ, ಅಜ್ಜಿಗೆ ಇವತ್ತು ಸಾಕಾಗಿದೆ, ಮಂಡಿ ಬೇರೆ ನೋಯ್ತಿದೆ, ಹೊನ್ನಾಜಿ ಅಂತ ಒಬ್ಬಳಿದ್ದಳಂತೆ. ಈಚಲು ಗರಿ ತಂದು ಚಾಪೆ ಹೆಣೆದು ಸಂತೇಲಿ ಮಾರೋಳಂತೆ. ಅವಳ ಪಕ್ಕದಲ್ಲೇ ಪುರಿ ಮಾರೋ ಚಿಕ್ಕತಾಯಿ ಕೂರೋಳಂತೆ. ಇವಳ ಊರಿಂದ ಅವಳ ಊರಿಗೆ ಒಂದು ಹರದಾರಿ, ಹಳ್ಳ ದಾಟಬೇಕು, ದಿಬ್ಬ ಹತ್ತಿ ಇಳೀಬೇಕು, ಮನೆಗೆಲಸ ಬಿಟ್ಟು ಯಾರು ಹೋಗ್ತಾರೆ? ಹಾಗಾಗಿ ಇಬ್ಬರಿಗೂ ಸಂತೇನೇ ತೌರುಮನೆ ಆಗಿತ್ತಂತೆ. ಸೊಂಟನೋವು, ಸೊಸೆ ಮಾತು, ಮನಸ್ಸಲ್ಲಿದ್ದದ್ದೆಲ್ಲ ಅಲ್ಲೇ ಸುರುವಿ, ಹಗುರಾಗಿ ಎದ್ದು ಹೋಗೋರಂತೆ.

ಹೊನ್ನಾಜಿಗೆ ಒಬ್ಬಳೇ ಮಗಳು. ದೂರದೂರಿಗೆ ಕೊಟ್ಟಿದ್ದಳು. ಅವಳು ಬಸುರಿ, ಬಾಣಂತನಕ್ಕೆ ಬರ್ತಾಳೆ, ಬರೋ ಹೊತ್ತಿಗೆ ಮನೇಲಿ ಕರೆಯೋ ಎಮ್ಮೆ ಒಂದಿರಲಿ ಅಂತ ಚಾಪೆ ಮಾರಿದ ಬೆಳ್ಳಿ ರೂಪಾಯೀನ ರಾಗಿ ಗುಡಾಣದ ತಳದಲ್ಲಿ ಬಚ್ಚಿಡ್ತಾ ಬಂದಿದ್ದಳಂತೆ. ಅದನ್ನೂ ಚಿಕ್ಕತಾಯಿಗೆ ಹೇಳಿದಳಂತೆ. ಇನ್ಯಾರಿಗೆ ಹೇಳ್ತಾಳೆ, ಇದ್ದೋಳು ಒಬ್ಬಳೇ ಗೆಳತಿ.

ಆದ್ರೆ ಅವರ ಹಿಂದುಗಡೆ ಬೇವಿನ ಮರದ ಬುಡದಲ್ಲಿ ಒಬ್ಬ ದನಿಗಳ್ಳ ಮಲಗಿದ್ದನಂತೆ, ನಿದ್ದೆ ಬಂದೋನ ಹಾಗೆ. ಅವನ ಹತ್ರ ಒಂದು ಸೋರೆಬುರುಡೆ. ಮಾತಾಡೋರ ಕಡೆಗೆ ಅದರ ಬಾಯಿ ಹಿಡಿದು, ದನಿ ತುಂಬಿದ ಮೇಲೆ ಬಿರಡೆ ಜಡಿದುಬಿಡ್ತಿದ್ದನಂತೆ. ಆಮೇಲೆ ಬೇಕಾದಾಗ ಬಿರಡೆ ಕಿತ್ತು ತಾನು ಪಿಸುಗುಟ್ಟಿದ್ರೆ ಆಚೆಗೆ ಅವರದೇ ದನಿ ಬರೋದಂತೆ. ಹಾಗೆಲ್ಲ ಆಗುತ್ತಾ ಅಂತೀಯಾ? ಆಗುತ್ತೆ, ಸುಮ್ಮನೆ ಕೇಳು, ಕಾಲು ಒಳಗೆ ಹಾಕ್ಕೋ.

ಆಮೇಲೆ ಒಂದಿನ ಹೊನ್ನಾಜಿ ಹಿತ್ತಲಲ್ಲಿ ಗರಿ ಸೀಳ್ತಾ ಕೂತಿದ್ದಾಗ ಕಳ್ಳಿಬೇಲಿಯಾಚೆಯಿಂದ, ಹೊನ್ನೀ, ನಾನು ಕಣೆ, ಚಿಕ್ಕತಾಯಿ ಅಂತ ಕೇಳಿಸ್ತಂತೆ. ಒಳಗೆ ಬಾರೆ ಅಂದ್ರೆ, ಅಯ್ಯೋ ಬೇಡ, ಮೈಮೇಲೆ ಅಮ್ಮ ಎದ್ದಿದ್ದಾಳೆ, ಮುಖ ನೋಡಬೇಡ, ನಿನಗೂ ಅಂಟೀತು, ಹತ್ತು ರೂಪಾಯಿ ಬೇಲಿ ಮೇಲೆ ಇಡು, ಯಾರಿಗೂ ಹೇಳಬೇಡ, ನನಗೆ ನಾಚಿಕೆ ಅಂತಂತೆ. ಪಾಪ ಅನ್ನಿಸಿ ಹೊನ್ನಾಜಿ ಹತ್ತು ರೂಪಾಯಿ ಇಟ್ಟು, ಜೊತೆಗೆ ಒಂದು ಹಿಡಿ ಬೇವಿನ ಸೊಪ್ಪನ್ನೂ ಇಟ್ಟಳಂತೆ. ರೂಪಾಯಿ ಹೋಯ್ತು, ಸೊಪ್ಪು ಅಲ್ಲೇ ಇತ್ತು.

ಮುಂದಿನ ಸಂತೆಗೆ ಬಂದು ನೋಡಿದ್ರೆ ಚಿಕ್ಕತಾಯಿ ಮುಖದಲ್ಲಿ ಒಂದು ಕಲೆ ಇಲ್ಲ. ದುಡ್ಡಿನ ಬಗ್ಗೆ ಒಂದು ಮಾತಿಲ್ಲ. ಹೊನ್ನಾಜಿನೂ ಕೇಳಲಿಲ್ಲ. ಗೆಳತಿಗೆ ಕೊಟ್ಟ ಸಾಲ ಬಾಯಿಬಿಟ್ಟು ಕೇಳೋದು ಹೇಗೆ? ನಮ್ಮೋರಿಗೆ ಕಳ್ಳನ ಮುಂದೆ ಇರದ ಸಂಕೋಚ ಗೆಳತಿ ಮುಂದೆ ಬರುತ್ತೆ, ಆ ಸಂಕೋಚದಲ್ಲೇ ಕಳ್ಳ ಮುದ್ದೆ ಉಣ್ತಾನೆ. ಚಿಕ್ಕತಾಯಿನೂ ಅವತ್ತು ಏನೋ ಕಾಯೋಳ ಹಾಗೆ ಓರೆಗಣ್ಣಲ್ಲಿ ನೋಡ್ತಿದ್ದಳಂತೆ. ಅದರ ಮುಂದಿನ ಸಂತೇಲಿ ಇಬ್ಬರ ನಡುವೆ ಬೆಂಡೆಕಾಯಿ ಮಾರೋನೊಬ್ಬ ಕೂರೋ ಅಷ್ಟು ಜಾಗ ಆಗಿತ್ತಂತೆ.

ಆಮೇಲೆ ಎರಡನೇ ಸಲ ದನಿ ಬಂತಂತೆ. ಹೊನ್ನೀ ಕೆಟ್ಟೆ ಕಣೇ, ನಮ್ಮ ಬೆಟ್ಟಯ್ಯ ಹುಣಸೆಮರದಿಂದ ಬಿದ್ದ, ಹೊತ್ತು ಮುಳುಗೋದ್ರೊಳಗೆ ಪಂಡಿತರಿಗೆ ಇಪ್ಪತ್ತು ರೂಪಾಯಿ ಕೊಡಬೇಕು, ಬೇಗ, ಬೇಗ! ಹೊನ್ನಾಜಿ ಗುಡಾಣದೊಳಗೆ ಮೊಣಕೈವರೆಗೂ ಕೈ ಹಾಕಿದೋಳು ಹಾಗೇ ನಿಂತಳಂತೆ. ಬೆಟ್ಟಯ್ಯ ಅಂದಳಾ? ಮದುವೆಯಾದಾಗಿಂದ ಗಂಡನ ಹೆಸರು ಬಾಯಲ್ಲಿ ತಂದೋಳಲ್ಲ ಚಿಕ್ಕತಾಯಿ. ಊರ ಮುಂದಿರೋ ಬೆಟ್ಟಕ್ಕೂ ‘ಆ ಎತ್ತರದ್ದು’ ಅನ್ನೋಳು. ಸಂತೇಲಿ ಎಲ್ಲರೂ ನಗ್ತಿದ್ರು. ಕಳ್ಳ ಪಾಪ ಗಂಡನ ಹೆಸರನ್ನ ಊರೋರ ಹತ್ರ ವಿಚಾರಿಸಿ ಕಲಿತಿದ್ದ, ಅವಳು ಏನು ಹೇಳಲ್ಲ ಅನ್ನೋದು ಕಲಿತಿರಲಿಲ್ಲ.

ಹೊನ್ನಾಜಿ ಸುಮ್ಮನಿರಬಾರದಾ? ಏನೇ, ಗಂಡನ ಹೆಸರು ಹಿಡಿದು ಕರೀತೀಯಲ್ಲ, ಯಾವತ್ತಿಂದ ಅಂತ ಕೇಳಿಬಿಟ್ಟಳಂತೆ. ದನಿ ಥಟ್ಟನೆ ನಿಂತುಹೋಯ್ತು. ಇಣುಕಿ ನೋಡಿದ್ರೆ ಯಾರೂ ಇಲ್ಲ. ದುಡ್ಡು ಉಳೀತು, ಆದ್ರೆ ತಪ್ಪು ಎಲ್ಲಿ ಅಂತ ಕಳ್ಳನಿಗೆ ಇವಳೇ ಪಾಠ ಹೇಳಿದ ಹಾಗಾಯ್ತು.

ಆಮೇಲೆ ಮೂರನೇ ಸಲ. ಈ ಸಲ ದನಿ ಅಳ್ತಾ ಬಂತಂತೆ. ಹೊನ್ನೀ, ನಮ್ಮನೇರಿಗೆ ಮೈಮೇಲೆ ಜ್ಞಾನ ಇಲ್ಲ ಕಣೇ. ಇರೋದೆಲ್ಲ ಕೊಡೇ, ಮುಂದಿನ ಸಂತೆಗೆ ತೀರಿಸ್ತೀನಿ. ಎಲ್ಲಾ ಸರಿಯಾಗೇ ಇತ್ತು. ನಮ್ಮನೇರು ಅಂದಿತ್ತು, ಬಿಕ್ಕೋದೂ ಅವಳ ಹಾಗೇ ಇತ್ತು. ಹೊನ್ನಾಜಿ ಗುಡಾಣದ ಮುಂದೆ ಬಂದು ಕೂತಳಂತೆ. ಸುಳ್ಳು ಅಂತ ಸುಮ್ಮನಿದ್ದು ನಿಜವಾಗಿದ್ರೆ? ನಿಜ ಅಂತ ಕೊಟ್ಟು ಸುಳ್ಳಾಗಿದ್ರೆ? ಒಂದು ಕಡೆ ಗೆಳತಿ, ಒಂದು ಕಡೆ ಮಗಳ ಬಾಣಂತನ. ಏನು ಮಾಡ್ತಾಳೆ? ಇದ್ದ ರೂಪಾಯಿ ಎಲ್ಲಾ ಮಡಿಲಿಗೆ ಕಟ್ಟಿಕೊಂಡು, ತಡಿ ಚಿಕ್ಕತಾಯಿ, ನಿಮ್ಮನೆಗೇ ಬರ್ತೀನಿ, ನಿನ್ನ ಕೈಗೇ ಕೊಡ್ತೀನಿ ಅಂದಳಂತೆ.

ದನಿ ಬೆಚ್ಚಿಬಿತ್ತಂತೆ. ಬರಬೇಡ, ಹೊತ್ತಾಗುತ್ತೆ, ಇಲ್ಲೇ ಇಡು ಅಂತಂತೆ. ಇವಳು ಹಳ್ಳಕ್ಕಿಳಿದಳು. ಲಕ್ಕಿ ಗಿಡದ ಮರೆಯಿಂದ, ಇಷ್ಟೇನಾ ನಿನ್ನ ಸ್ನೇಹ, ದುಡ್ಡು ಕೇಳಿದ ಕೂಡಲೇ ಅನುಮಾನ ಬಂತಾ ಅಂತಂತೆ. ಇವಳು ಕಣ್ಣೀರು ಒರೆಸಿಕೊಂಡು ದಿಬ್ಬ ಹತ್ತಿದಳು. ಅವರು ಸತ್ತರೆ ನಿನ್ನಿಂದಲೇ ಅಂತಂತೆ. ಆ ಮಾತಿಗೆ ಕಾಲು ನಿಂತೇಬಿಡ್ತು. ನಿಂತು, ಅತ್ತು, ಮತ್ತೆ ನಡೆದಳಂತೆ. ಆ ಹರದಾರಿ ಅವತ್ತು ಎಷ್ಟುದ್ದ ಇತ್ತು ಅಂತ ಅವಳಿಗೇ ಗೊತ್ತು.

ಹೋಗಿ ನೋಡಿದ್ರೆ ಬೆಟ್ಟಯ್ಯ ಜಗಲಿ ಮೇಲೆ ಕೂತು ಸೊರಸೊರ ಅಂತ ಸೊಪ್ಪಿನ ಸಾರು ಹೀರ್ತಿದ್ದ. ಚಿಕ್ಕತಾಯಿ ಬಾಣಲೇಲಿ ಪುರಿ ಹುರೀತಿದ್ದೋಳು ತಲೆ ಎತ್ತಿ, ಅಂತೂ ಬಂದ್ಯಾ ತಾಯಿ, ನನ್ನ ದುಡ್ಡು ತಂದ್ಯಾ ಅಂದಳಂತೆ. ಯಾವ ದುಡ್ಡು ಅಂದಳು ಹೊನ್ನಾಜಿ. ನೀನು ಕೊಡಬೇಕಾದ್ದು ಅಂದಳು ಚಿಕ್ಕತಾಯಿ. ನಾನಾ? ನಿಮ್ಮ ಬಾಗಿಲಿಗೆ ಬಂದು ಕೇಳಿದೋಳು ನಾನಾ? ನೀನಲ್ವಾ, ಮೈಮೇಲೆ ಅಮ್ಮ ಎದ್ದಿದ್ದಾಳೆ, ಮುಖ ನೋಡಬೇಡ ಅಂತ ಬೇಲಿ ಹಿಂದೆ ನಿಂತು ಅತ್ತೋಳು! ಅಂತ ಚಿಕ್ಕತಾಯಿ ಸೌಟು ಎತ್ತಿದಳು, ಎತ್ತಿದ ಸೌಟು ಹಾಗೇ ನಿಲ್ತು.

ನನಗೂ ಅಮ್ಮ ಎದ್ದಿದ್ಲಾ? ಅಂತ ಹೊನ್ನಾಜಿ ಮೆಲ್ಲಗೆ ಕೇಳಿದಳಂತೆ.

ಇಬ್ಬರೂ ಕೂತುಬಿಟ್ರು. ಪುರಿ ಕರಕಲಾಗಿ ಹೋಯ್ತು. ಚಿಕ್ಕತಾಯಿ ಎರಡು ಸಲ ಕೊಟ್ಟುಬಿಟ್ಟಿದ್ದಳಂತೆ, ಅವಳೂ ಕೇಳೋಕೆ ನಾಚಿದ್ದಳಂತೆ. ಆಮೇಲೆ ಚಿಕ್ಕತಾಯಿ ಎದ್ದು, ಸೀರೆ ಸಿಕ್ಕಿಸಿ, ಬೇಲಿ ಕಡೆ ತಿರುಗಿ, ಯಾವನೋ ಅವನು ನನ್ನ ದನಿ ಹೊತ್ತು ತಿರುಗೋನು, ಬಾರೋ ಈಚೆ ಅಂತ ಗುಡುಗಿದಳಂತೆ. ಒಡತಿ ಕೂಗಿದ್ದು ಕೇಳಿ ಬುರುಡೆಯೊಳಗಿನ ದನಿ ತಡೀಲಾರದೆ ಬಿರಡೆ ಸಮೇತ ಆಚೆಗೆ ಹಾರಿತಂತೆ, ಅದರ ಹಿಂದೆ ಹೊನ್ನಾಜಿ ದನಿ, ಅದರ ಹಿಂದೆ ಅಣ್ಣ ತಮ್ಮ ಅತ್ತೆ ಮಾವ ಅಂತ ನೂರೂರಿನ ದನಿ, ಎಲ್ಲಾ ತಮ್ಮ ತಮ್ಮ ಮನೆ ಕಡೆ ಓಡಿದ್ವಂತೆ. ಕಳ್ಳನಿಗೆ ಉಳಿದದ್ದು ಅವನದೇ ದನಿ. ಅದರಲ್ಲಿ ಕೇಳಿದ್ರೆ ಒಂದು ಹಿಡಿ ರಾಗಿ ಹುಟ್ಟೋದಂತೆ, ಭಿಕ್ಷೆ ಬೇಡೋರಿಗೆ ಹುಟ್ಟೋ ಅಷ್ಟು.

ಹೋದ ದುಡ್ಡಾ? ಬರಲಿಲ್ಲ ಕೂಸೆ. ಕತೇಲೂ ಬರಲ್ಲ ಅದು. ಇವಳ ಹತ್ರ ಮುಕ್ಕಾಲು ಎಮ್ಮೆಯಷ್ಟು ಉಳಿದಿತ್ತು, ಅವಳ ಹತ್ರ ಕಾಲು. ಸೇರಿಸಿ ಒಂದೇ ಎಮ್ಮೆ ತಂದ್ರಂತೆ. ಮಗಳು ಬಂದು, ಹೆಣ್ಣುಮಗು ಹಡೆದು, ಬಾಣಂತನ ಮುಗಿಯೋತನಕ ಎಮ್ಮೆ ಹೊನ್ನಾಜಿ ಮನೇಲಿ, ಆಮೇಲೆ ತಿಂಗಳು ಅಲ್ಲಿ, ತಿಂಗಳು ಇಲ್ಲಿ. ಎಮ್ಮೆ ಹೊಡ್ಕೊಂಡು ಹೋಗೋಕೆ, ಬರೋಕೆ, ಯಾರಾದ್ರೂ ಒಬ್ಬರು ಆ ದಿಬ್ಬ ಹತ್ತಲೇಬೇಕಲ್ಲ. ಹತ್ತಿ, ಏದುಸಿರು ಬಿಟ್ಕೊಂಡು, ಜಗಲಿ ಮೇಲೆ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಇದ್ರಂತೆ.

ಅಲ್ಲಿಗೆ ಅವರ ಕತೆ ಮುಗೀತು, ನನ್ನ ಬಾಯೂ ಸೋತಿತು. ಮಲಕ್ಕೋ ಇನ್ನ.