ಭೂಮಿತಾಯಿಯ ಬಯಕೆ ತೀರಿಸಿದ ತಂಗೆವ್ವ

ದೀಪಕ್ಕೆ ಎಣ್ಣೆ ಎರೆದು, ಮಾತು ಬಿಟ್ಟು, ಹಸಿರುಗೊಬ್ಬರದ ವ್ರತದ ಮಹಿಮೆಯನ್ನು ಮನಸ್ಸಿಟ್ಟು ಕೇಳುವಂಥವರಾಗಿ.

ಮಲಪ್ರಭೆಯ ದಂಡೆಯ ಒಂದೂರಿನಲ್ಲಿ ತಂಗೆವ್ವ, ಅಡಿವೆಪ್ಪ ಎಂಬ ಬಡ ದಂಪತಿಗಳು ಅಂಗೈಯಗಲ ಕೆಮ್ಮಣ್ಣಿನ ಹೊಲದಲ್ಲಿ ಗೆಣಸು ಬೆಳೆದು ಬಾಳುತ್ತಿದ್ದರು. ಅವರಿಗೆ ಪಾರವ್ವ ಎಂಬ ಒಬ್ಬಳೇ ಮಗಳು. ಆಕೆ ಗಂಡನ ಮನೆಯಲ್ಲಿ ಬಸುರಾಗಿ, ಉಂಡ ಅನ್ನ ನಿಲ್ಲದೆ ಸೊರಗಿ, ಅವ್ವನ ಹೊಲದ ಗೆಣಸು ತಿನ್ನಬೇಕೆಂದು ಹೇಳಿಕಳುಹಿಸಲಾಗಿ, ತಂಗೆವ್ವ ಹಿಗ್ಗಿ, ಹೊಲ ಹಸನು ಮಾಡಿ, ತಿಪ್ಪೆಗೊಬ್ಬರ ಹರವಿ, ಮಣ್ಣೇರಿಸಿ ಬೋದು ಕಟ್ಟಿ, ಅದರ ಮೇಲೆ ಗೆಣಸಿನ ಬಳ್ಳಿ ನೆಟ್ಟು, ಬೋದುಗಳ ನಡುವೆ ಹಸಿರುಗೊಬ್ಬರಕ್ಕೆಂದು ಸೆಣಬು ಬಿತ್ತಿದಳು.

ಆ ಊರ ಪದ್ಧತಿಯೇನೆಂದರೆ, ಸೆಣಬು ಹೂಬಿಟ್ಟ ಮೊದಲ ಶುಕ್ರವಾರ ಅದನ್ನು ಕೊಯ್ದು, ಬಳ್ಳಿಯ ಬುಡಕ್ಕೆ ಹಾಸಿ, ಮಣ್ಣು ಮುಚ್ಚಿ ಭೂಮಿತಾಯಿಗೆ ಉಣಿಸಬೇಕು. ಹೊಲವೆಲ್ಲ ಹಳದಿಯಾಗಿ ಅರಳಿದ್ದನ್ನು ಕಂಡ ತಂಗೆವ್ವನಿಗೆ ಕುಡುಗೋಲು ಹಿಡಿಯಲು ಮನಸ್ಸೇ ಬಾರದು. ಮಗಳು ಬಂದು ಈ ಚೆಂದ ನೋಡಲಿ, ಆಮೇಲೆ ಕೊಯ್ದರಾಯಿತೆಂದು ಶುಕ್ರವಾರ ದಾಟಿಸಿದಳು. ಅಡಿವೆಪ್ಪ ನೆನಪಿಸಹೋಗಿ ಬೈಸಿಕೊಂಡ. ಅದು ಸೊಕ್ಕೆಂದು ಯಾರೂ ಅನ್ನಬೇಡಿ, ಬರೀ ತಾಯಿಯ ಹುಚ್ಚು.

ಎಂಟೇ ದಿನದಲ್ಲಿ ಸೆಣಬು ಆಳೆತ್ತರ ಬೆಳೆದು, ಅದರ ನೆರಳಿಗೆ ಗೆಣಸಿನ ಬಳ್ಳಿ ಬಿಳಿಚಿಕೊಂಡಿತು. ಬುಡ ಕೆದಕಿ ನೋಡಲಾಗಿ ಇಲಿಬಾಲದಂಥ ಬೇರಲ್ಲದೆ ಗೆಡ್ಡೆಯ ಸುಳಿವಿಲ್ಲ. ಮಗಳ ಬಾಯಿಗೆ ಏನು ಹಾಕಲಿ ಎಂದು ತಂಗೆವ್ವ ಬದುವಿನ ಮೇಲೆ ಕುಳಿತು ಅತ್ತಳು.

ಆಗ ಭೂಮಿತಾಯಿಯು ಹಣ್ಣು ಮುದುಕಿಯ ರೂಪ ತಾಳಿ ಬಂದು, ಮಜ್ಜಿಗೆ ಬೇಡಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಅಳುವಿನ ಕಾರಣ ಕೇಳಿ ತಿಳಿದು, "ಮಗಳ ಬಯಕಿ ನಿನಗ ತಿಳೀತು. ನಿನ್ನ ಕಾಲ ಕೆಳಗಿನ ಈ ಭೂಮಿನೂ ಬಸರಿ ಅದಾಳವ್ವಾ. ಈಕಿ ಬಯಕಿ ಯಾರು ಕೇಳಬೇಕು?" ಎಂದಳು.

ತಂಗೆವ್ವ ತಲೆಯೆತ್ತುವಷ್ಟರಲ್ಲಿ ಮುದುಕಿ ಇಲ್ಲ. ಬಂದವಳು ಯಾರೆಂದು ತಿಳಿದು, ಕೆನ್ನೆ ಬಡಿದುಕೊಂಡು, ಅಂದು ಶುಕ್ರವಾರವೇ ಆಗಿರಲಾಗಿ, ಮಿಂದು ಮಡಿಯುಟ್ಟು, ನೆಲಕ್ಕೆ ಅರಿಸಿನ ಕುಂಕುಮವಿಟ್ಟು, ದಂಟು ಬಲಿಯುವ ಮೊದಲೇ ಸೆಣಬನ್ನೆಲ್ಲ ಹೂವಿನೊಡನೆ ಕೊಯ್ದು, ಬಳ್ಳಿಯ ಬುಡಕ್ಕೆ ಹಾಸಿ, ಕಳಿತ ಸಗಣಿಗೊಬ್ಬರ ಚೆಲ್ಲಿ, ಮಗಳಿಗೆ ಉಡಿ ತುಂಬುವಾಗಿನ ಹಾಡನ್ನೇ ಹಾಡುತ್ತ ಮಣ್ಣು ಏರಿಸಿದಳು. ಅಡಿವೆಪ್ಪ ಬುಟ್ಟಿ ಹೊತ್ತು ಹೊತ್ತು ಸೋತರೂ ಗೊಣಗಲಿಲ್ಲ, ಪುಣ್ಯಾತ್ಮ.

ಹೊಟ್ಟೆ ತುಂಬಿದ ಭೂಮಿತಾಯಿ ಸುಮ್ಮನಿದ್ದಾಳೆಯೇ? ಬಳ್ಳಿ ಕಪ್ಪುಹಸಿರಾಗಿ ಹಬ್ಬಿ, ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ಸೀಗೆ ಹುಣ್ಣಿಮೆ ಕಳೆಯುವುದರೊಳಗೆ ಬೋದು ಬಿರಿಯುವಂತೆ ಗೆಡ್ಡೆ ಕಟ್ಟಿತು. ಕಡ್ಡಿಯಾಗಿದ್ದ ಪಾರವ್ವ ಹೆರಿಗೆಗೆಂದು ತವರಿಗೆ ಬಂದಳು. ತಂಗೆವ್ವ ಮೊದಲ ಗೆಡ್ಡೆಯನ್ನು ಭೂಮಿಗೇ ಒಪ್ಪಿಸಿ, ಎರಡನೆಯದನ್ನು ಬೇಯಿಸಿ, ಸಿಪ್ಪೆ ಸುಲಿದು ಮಗಳ ಬಾಯಿಗಿಟ್ಟಳು. ಅನ್ನ ಕಂಡರೆ ಮುಖ ತಿರುವುತ್ತಿದ್ದ ಪಾರವ್ವ ಅದನ್ನು ತಿಂದು ಮುಗಿಸಿ, "ಯವ್ವಾ, ಇನ್ನೊಂದು ಕೊಡ" ಎಂದು ಕೈಯೊಡ್ಡಿದಳು. ಮುಂದೆ ದಿನ ತುಂಬಿ ಸುಖವಾಗಿ ಹೆತ್ತಳು.

ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ, ಕೇಳುತ್ತ ಕೇಳುತ್ತ ತೂಕಡಿಸಿದವರಿಗೂ ಭೂಮಿತಾಯಿ ತಂಗೆವ್ವನಿಗೆ ಒಲಿದಂತೆಯೇ ಒಲಿಯಲಿ. ಮಗಳು ಇನ್ನೊಂದು ಕೊಡು ಎಂದು ಕೈಯೊಡ್ಡಿದಾಗ ಇಲ್ಲವೆನ್ನುವ ಗತಿ ಯಾವ ತಾಯಿಗೂ ಬಾರದಿರಲಿ.