ಬರ್ಸೂಮನ ಕೊರಡು

ಒಂದೂರಿತ್ತಂತೆ. ಎಲ್ಲಿ ಅಂದರೆ, ಫುರಾತ್ ಅನ್ನುವ ದೊಡ್ಡ ಹೊಳೆಯ ಈಚೆ, ಮರಳುಗಾಡಿನ ಆಚೆ. ನಾನು ನೋಡಿಲ್ಲ, ನಮ್ಮಜ್ಜಿಯೂ ನೋಡಿಲ್ಲ. ನೋಡಿದವರ ಹಾಗೆ ಹೇಳುವುದು ಮಾತ್ರ ನಮ್ಮ ಮನೆತನಕ್ಕೆ ಬಂದ ವಿದ್ಯೆ. ಆ ಊರಿಗೊಂದು ಮಣ್ಣಿನ ಕೋಟೆ, ಕೋಟೆಗೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಅವನ ಹೆಸರು ಬರ್ಸೂಮ.

ಬರ್ಸೂಮನ ಕೆಲಸ ಎರಡೇ. ಬೆಳಗ್ಗೆ ಬಾಗಿಲು ತೆಗೆಯಬೇಕು, ಸಂಜೆ ಬಾಗಿಲು ಹಾಕಬೇಕು. ಅಷ್ಟಕ್ಕೆ ಊರವರು ಸುಗ್ಗಿಗೆ ಗೋಧಿ, ಹಬ್ಬಕ್ಕೆ ಖರ್ಜೂರ ಕೊಡುತ್ತಿದ್ದರಂತೆ. ಮೊದಲ ವರ್ಷ ತೆಗೆದ, ಹಾಕಿದ. ಎರಡನೇ ವರ್ಷ ತೆಗೆದ, ಹಾಕಿದ. ಮೂರನೇ ವರ್ಷ ಬಾಗಿಲು ತಿರುಗುವ ಕೀಲುಗಳಿಗೆ ತುಕ್ಕು ಹಿಡಿಯಿತು. ನಾಳೆ ಎಣ್ಣೆ ಬಿಟ್ಟರಾಯಿತು ಅಂದ. ಆ ನಾಳೆ ಬರಲೇ ಇಲ್ಲ. ಬಾಗಿಲು ತೆರೆದದ್ದು ತೆರೆದ ಹಾಗೇ ಗೋಡೆಗೆ ಅಂಟಿಕೊಂಡು ನಿಂತುಬಿಟ್ಟಿತು. ಅವನ ಹೆಂಡತಿ ಮರ್ತಾ ನೋಡುವಷ್ಟು ನೋಡಿದಳು. ಇಷ್ಟು ಗಟ್ಟಿ ಮರ ಸುಮ್ಮನೆ ದಂಡವಾಗುತ್ತದಲ್ಲ ಅಂತ ಅದರ ಬುಡಕ್ಕೆ ಸೋರೆಬೀಜ ಊರಿದಳು.

ಆದರೆ ಸಂಜೆ ಬಾಗಿಲು ಹಾಕಿದ ಸದ್ದು ಕೇಳದಿದ್ದರೆ ಊರಿಗೆ ನಿದ್ದೆ ಬರಬೇಕಲ್ಲ. ಬರ್ಸೂಮ ಒಂದು ಖರ್ಜೂರದ ಕೊರಡು ತಂದ. ಹೊತ್ತು ಮುಳುಗುವಾಗ ಅದನ್ನೆತ್ತಿ ಚಪ್ಪಡಿ ಕಲ್ಲಿಗೆ ಧಡಾರ್ ಅಂತ ಬಡಿದ. ಊರು ನಿಟ್ಟುಸಿರು ಬಿಟ್ಟು ದೀಪ ಆರಿಸಿತು. ಹೀಗೆ ಒಂದಲ್ಲ ಎರಡಲ್ಲ, ಮೂವತ್ತು ವರ್ಷ ನಡೆಯಿತಂತೆ. ಬಾಗಿಲ ಮೇಲಿನ ಬಳ್ಳಿ ಹಗಲೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಯಾರೂ ಕೇಳಲಿಲ್ಲ. ಸದ್ದು ಕೇಳಿಸಿದ ಮೇಲೆ ಕಣ್ಣಿಗೆ ಕೆಲಸ ಕೊಡುವ ಜಾತಿಯಲ್ಲ ನಾವು ಮನುಷ್ಯರು.

ಹೀಗಿರುವಾಗ ಲೋಕವೇ ಮಗುಚಿಕೊಂಡಿತಂತೆ. ಪಡುವಣದ ರೂಮ್ ದೇಶದ ದೊರೆ, ಮೂಡಣದ ಪಾರಸಿ ದೇಶದ ದೊರೆ ಇಬ್ಬರೂ ವರ್ಷಾನುಗಟ್ಟಲೆ ಹೊಡೆದಾಡಿ ಸುಸ್ತಾಗಿದ್ದರು. ಅತ್ತ ಮರಳುಗಾಡಿನಲ್ಲಿ ಹೊಸ ಧರ್ಮವೊಂದು ಹುಟ್ಟಿತ್ತು. ಒಬ್ಬರ ಬಾವಿಗೊಬ್ಬರು ಕಲ್ಲು ತುಂಬುತ್ತಿದ್ದ ಕುಲಗಳೆಲ್ಲ ಈಗ ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಮಾಜಿಗೆ ನಿಲ್ಲುತ್ತಿದ್ದವು. ಅವರಿಗೆಲ್ಲ ಒಬ್ಬ ಖಲೀಫ, ದೂರದ ಮದೀನಾ ಪಟ್ಟಣದಲ್ಲಿ. ಇಂದು ಆ ಊರು ಅವರ ಕೈ ಸೇರಿತು, ನಾಳೆ ಈ ಊರು ಅಂತ ಸುದ್ದಿ ಬರುತ್ತಲೇ ಇತ್ತು. ಒಂದು ಮಧ್ಯಾಹ್ನ ಸುದ್ದಿ ಬರಲಿಲ್ಲ, ಧೂಳೇ ಬಂತು. ಊರ ಕಣ್ಣಳತೆಯಲ್ಲಿ ಅವರ ದಂಡು ಬೀಡು ಬಿಟ್ಟಿತು.

ಊರಲ್ಲಿದ್ದ ಪಾರಸಿ ಸೈನಿಕರು ಹಿಂದಿನ ವಾರವೇ ಕಾಲಿಗೆ ಬುದ್ಧಿ ಹೇಳಿದ್ದರು. ಉಳಿದವನು ಊರ ಯಜಮಾನ ಹೋರ್ಮಿಜ್. ಅವನು ಮನೆಯ ಮಾಳಿಗೆ ಮೇಲೆ ನಿಂತು ಕೂಗಿದ. "ಬರ್ಸೂಮಾ, ಬಾಗಿಲು ಹಾಕು. ಇನ್ನು ಬಾಗಿಲು ತೆಗೆದವನ ತಲೆ ತೆಗೀತೀನಿ."

ಬರ್ಸೂಮ ಬಾಗಿಲು ಹಿಡಿದು ಎಳೆದ. ಮರ್ತಾ ಅವನ ಸೊಂಟ ಹಿಡಿದು ಎಳೆದಳು. ಒಂದು ಸೋರೆಕಾಯಿ ಕಳಚಿ ಅವನ ನೆತ್ತಿಯ ಮೇಲೆ ಬಿತ್ತೇ ಹೊರತು ಬಾಗಿಲು ಮಿಸುಕಲಿಲ್ಲ. ಬೇರೆ ದಾರಿ ಕಾಣದೆ ಕೊರಡೆತ್ತಿ ಧಡಾರ್ ಅನ್ನಿಸಿದ. ದೊಡ್ಡ ಆಪತ್ತಲ್ಲವೇ, ಇನ್ನೆರಡು ಸಲ ಬಡಿದ. ಇವತ್ತು ಬಹಳ ಭದ್ರವಾಗಿ ಹಾಕಿದಾನೆ ಅಂತ ಊರವರು ಮನೆಯೊಳಗೆ ಸಮಾಧಾನಪಟ್ಟುಕೊಂಡರಂತೆ.

ಅಷ್ಟರಲ್ಲಿ ಒಬ್ಬ ಸವಾರ ಬಂದ. ಹೆಸರು ಸುವೈದ್, ದಂಡಿನ ನಾಯಕನಾದ ಅಮೀರನ ದೂತ. ಬರ್ಸೂಮ ಬಳ್ಳಿಯ ಸಂದಿಯಲ್ಲಿ ಅಡಗಿಕೊಂಡ. ಸುವೈದ್ ಹಾರುಹೊಡೆದ ಬಾಗಿಲ ಮುಂದೆ ಕುದುರೆಯಿಂದಿಳಿದ, ಹೊಸ್ತಿಲು ತುಳಿಯದೆ ನಿಂತು ಸಲಾಂ ಹೇಳಿದ, ಒಳಗೆ ಬರಬಹುದೇ ಅಂತ ಕೇಳಿದ. ಉತ್ತರವಿಲ್ಲ. ಎರಡನೇ ಸಲ ಹೇಳಿದ. ಉತ್ತರವಿಲ್ಲ.

ಬರ್ಸೂಮನಿಗೆ ಆಗ ನೆನಪಾಯಿತು. ಒಂಟೆ ಮಾರುವವರು ಹೇಳಿದ್ದರು, ಅವರ ಮಾತೂ ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಈ ಜನ ಯಾರ ಮನೆಗೆ ಹೋದರೂ ಮೂರು ಸಲ ಸಲಾಂ ಹೇಳುತ್ತಾರೆ, ಮೂರಕ್ಕೂ ಉತ್ತರ ಬಾರದಿದ್ದರೆ ತಿರುಗಿ ಹೋಗುತ್ತಾರೆ. ದೂತ ತಿರುಗಿ ಹೋದರೆ ಸಂಧಿಯ ಮಾತೂ ಅವನ ಜೊತೆ ಹೋಯಿತು. ಆಮೇಲೆ ಬರುವುದು ದಂಡು. ಅದಕ್ಕೆ ತಡೆ ಏನು ಅಂದರೆ ಒಂದು ಸೋರೆಬಳ್ಳಿ.

ಮಾತಾಡಿದರೆ ಯಜಮಾನ ತಲೆ ತೆಗೆಯುತ್ತಾನೆ, ಮಾತಾಡದಿದ್ದರೆ ಊರೇ ಉಳಿಯುವುದಿಲ್ಲ. ಮೂರನೇ ಸಲಾಮೂ ಆಯಿತು. ಸುವೈದ್ ಕುದುರೆಯ ಕಡೆ ತಿರುಗಿದ. ಮೂವತ್ತು ವರ್ಷ ಈ ತಲೆ ಒಂದು ಕೆಲಸವನ್ನೂ ಮಾಡಿಲ್ಲ, ಹೋಗುವ ಮುಂಚೆ ಒಂದಾದರೂ ಮಾಡಲಿ ಅಂದುಕೊಂಡು ಬರ್ಸೂಮ ಬಳ್ಳಿಯಲ್ಲಿ ಕೈಗೆ ಸಿಕ್ಕ ಸೋರೆಕಾಯಿ ಹಿಡಿದೇ ಹೊರಗೆ ಬಂದ. ಬಂದವನು ಆಡಿದ ಮಾತು ಮಾತ್ರ ಹಳೇ ಚಾಳಿಯದೇ.

"ನಿಲ್ಲಪ್ಪಾ, ಬಾಗಿಲು ಹಾಕಿದೆ."

ಸುವೈದ್ ಬಾಗಿಲು ನೋಡಿದ, ಇವನ ಮುಖ ನೋಡಿದ. "ತೆರೆದೇ ಇದೆಯಲ್ಲ ತಾತ."

"ತೆರೆದಿದ್ರೆ ನೀನ್ಯಾಕೆ ಒಳಗೆ ಬರಲಿಲ್ಲ?"

"ಮನೆಯವರು ಕರೀದೆ ಹೇಗೆ ಬರೋದು?"

ಬರ್ಸೂಮನಿಗೆ ನಾಚಿಕೆಯಾಯಿತು. ಹೊರಗಿನವನೊಬ್ಬ ಇಲ್ಲದ ಬಾಗಿಲಿಗೆ ಮರ್ಯಾದೆ ಕೊಟ್ಟು ನಿಂತಿದ್ದಾನೆ, ತಾನು ಇದ್ದ ಬಾಗಿಲನ್ನು ಬಳ್ಳಿಗೆ ಚಪ್ಪರ ಮಾಡಿದ್ದೇನೆ. ಬಾರಪ್ಪ ಅಂದು ಕರೆದುಕೊಂಡು ಹೋದ.

ಹೋರ್ಮಿಜನ ಅಂಗಳದಲ್ಲಿ ಊರೇ ಸೇರಿತು. ಬಾಗಿಲು ತೆಗೆದವನು ಯಾರು ಅಂತ ಯಜಮಾನ ಕತ್ತಿಗೆ ಕೈ ಹಾಕಿದ. ಬರ್ಸೂಮ ಮಂಡಿಯೂರಿದ.

"ನಾನು ತೆಗೀಲಿಲ್ಲ ಯಜಮಾನರೇ. ಹಾಕಲೂ ಇಲ್ಲ. ಮೂವತ್ತು ವರ್ಷದಿಂದ ಹಾಕಿಲ್ಲ. ನೀವು ಕೇಳಿದ್ದು ಕೊರಡಿನ ಸದ್ದು. ಹಬ್ಬಹಬ್ಬಕ್ಕೆ ನಿಮ್ಮ ಮನೆಗೆ ಬಂದ ಸೋರೆಕಾಯಿ ಆ ಬಾಗಿಲಲ್ಲಿ ಬಿಟ್ಟದ್ದೇ."

ಹೋರ್ಮಿಜನ ಕೈ ಕತ್ತಿಯ ಮೇಲೇ ಉಳಿಯಿತು. "ಮೂವತ್ತು ವರ್ಷ ನಾನು ಕೊರಡು ನಂಬಿ ಮಲಗಿದ್ನಾ?"

"ಹೌದು ಒಡೆಯಾ. ಒಳ್ಳೇ ನಿದ್ದೆ ಬರುತ್ತೆ ಅಂತ ನೀವೇ ಹೇಳ್ತಿದ್ರಿ."

ಆ ಸೋರೆಕಾಯಿ ತಿನ್ನದ ಮನೆ ಊರಲ್ಲಿ ಒಂದೂ ಇರಲಿಲ್ಲ. ಎಲ್ಲರೂ ನೆಲ ನೋಡಿದರು. ಸುವೈದ್ ಗಡ್ಡ ಸವರಿಕೊಂಡು ಅಮೀರನ ಷರತ್ತು ಹೇಳಿದ. ಹಿಂದಿನ ದೊರೆಗೆ ಕೊಡುತ್ತಿದ್ದ ಹಾಗೆ ಕಂದಾಯ ಕೊಡಬೇಕು. ಯಾರ ಮನೆಗೂ ಯಾರ ಗುಡಿಗೂ ಕೈ ಹಾಕುವುದಿಲ್ಲ. ದಾರಿಹೋಕರಿಗಾಗಿ ಕೋಟೆಯ ಬಾಗಿಲು ಹಗಲೂ ರಾತ್ರಿ ತೆರೆದಿರಬೇಕು. ಇದಕ್ಕೆ ಒಪ್ಪಿಗೆಯೇ ಅಂತ ಕೇಳಿದ.

ಹೋರ್ಮಿಜ್ ಕತ್ತಿ ಬಿಟ್ಟ. ಗಂಟಲು ಸರಿಮಾಡಿಕೊಂಡು, ಕೊನೇ ಷರತ್ತನ್ನು ನಾವು ಮೂವತ್ತು ವರ್ಷದಿಂದ ಪಾಲಿಸುತ್ತ ಬಂದಿದ್ದೇವೆ ಅಂದನಂತೆ. ಮೊದಲು ನಕ್ಕದ್ದು ಮರ್ತಾ, ಆಮೇಲೆ ಊರು.

ಹೀಗೆ ಒಂದು ಹನಿ ರಕ್ತ ಬೀಳದೆ ಊರು ಉಳಿಯಿತು. ಅವತ್ತು ಬರ್ಸೂಮ ಕೊರಡನ್ನು ಒಲೆಯ ಪಕ್ಕಕ್ಕೆಸೆದು ಕೂತ. ಗುಟ್ಟು ಬಯಲಾದ ಮೇಲೆ ಇನ್ನೆಲ್ಲಿಯ ಗೋಧಿ, ಇನ್ನೆಲ್ಲಿಯ ಖರ್ಜೂರ ಅಂತ ಅವನ ಕಣ್ಣು ತುಂಬಿ ಬಂತು. ಹೊತ್ತು ಮುಳುಗಿತು. ಊರಿನ ಒಂದು ದೀಪವೂ ಆರಲಿಲ್ಲ. ಸ್ವಲ್ಪ ಹೊತ್ತಿಗೆ ಕೋಟೆ ಬಾಗಿಲ ಪಕ್ಕದ ಅವನ ಗುಡಿಸಲ ಮುಂದೆ ಹೆಜ್ಜೆ ಸದ್ದಾಯಿತು. ನೋಡಿದರೆ ಹೋರ್ಮಿಜ್, ಅವನ ಹಿಂದೆ ಅರ್ಧ ಊರು. ಯಜಮಾನ ಅವನ ಮುಖ ನೋಡದೆ ಬಳ್ಳಿಯನ್ನೇ ನೋಡುತ್ತ ಹೇಳಿದ.

"ಬರ್ಸೂಮಾ, ಸ್ವಲ್ಪ ಆ ಕೊರಡು ಬಡೀತೀಯಾ?"

ಬರ್ಸೂಮ ಬಡಿದ. ಊರು ಮಲಗಿತು. ಆಚೆ ಬೀಡಿನಲ್ಲಿ ಸುವೈದನೂ ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದನಂತೆ.

ಅವರು ಅಲ್ಲಿ ಹಾಯಾಗಿ ಮಲಗಿದ್ದಾರೆ, ನಾವು ಇಲ್ಲಿ ಕೂತಿದ್ದೇವೆ. ನಿಮ್ಮ ನಿಮ್ಮ ಮನೆಗೆ ಹೋಗಿ ಅಗುಳಿ ಹಾಕಿಕೊಳ್ಳಿ. ನನ್ನ ಮನೆಯ ಅಗುಳಿ ಮುರಿದು ಏಳು ವರ್ಷವಾಯಿತು, ನಾನು ಜೋರಾಗಿ ಕೆಮ್ಮಿ ಮಲಗುತ್ತೇನೆ.